ಬೆರಳು ಹೋದದ್ದು ಅಜಾಗರೂಕತೆಯಿಂದಲ್ಲ, ಜಿಗ್ ಇಲ್ಲದ್ದರಿಂದ

ಎರಡು ವರ್ಷದ ಹಿಂದೆ ನಾವೇ ಬರೆದು ಕಳಿಸಿದ ಸುದ್ದಿ ಅದು. ನಾಲ್ಕೇ ಸಾಲು. ಮರದ ಕೆಲಸದ ಶೆಡ್ಡಿನಲ್ಲಿ ಬ್ಯಾಂಡ್ ಸಾ ಯಂತ್ರಕ್ಕೆ ಕೈ ಸಿಲುಕಿ ಕಾರ್ಮಿಕರೊಬ್ಬರ ತೋರುಬೆರಳು ತುಂಡಾಗಿದೆ, ಅಜಾಗರೂಕತೆಯೇ ಘಟನೆಗೆ ಕಾರಣ ಎನ್ನಲಾಗಿದೆ.

ಈ "ಎನ್ನಲಾಗಿದೆ" ಎಂದವರು ಯಾರು? ಶೆಡ್ಡಿನ ಮಾಲೀಕರು, ಅದೂ ಫೋನಿನಲ್ಲಿ. ನಾವು ಶೆಡ್ಡಿಗೆ ಹೋಗಿರಲಿಲ್ಲ. ಜಿಲ್ಲೆಯ ಸ್ಟ್ರಿಂಗರ್‌ಗಳಿಗೆ ಸಿಗುವುದು ಸುದ್ದಿಗಿಷ್ಟು ಅಂತ ದುಡ್ಡು. ಆ ಶೆಡ್ಡಿನವರಿಗೂ ಪೀಸಿಗಿಷ್ಟು ಅಂತಲೇ ಕೂಲಿ. ಅವರೂ ಅವಸರದಲ್ಲಿದ್ದರು, ನಾವೂ ಅವಸರದಲ್ಲಿದ್ದೆವು. ಆದರೆ ಅವರ ಬೆರಳು ಹೋಯಿತು, ನಮ್ಮ ಸುದ್ದಿ ಅಚ್ಚಾಯಿತು.

ತಿಂಗಳ ಮೇಲೆ ಆ ಕಾರ್ಮಿಕರ ಹೆಂಡತಿ ನಮ್ಮ ನಂಬರ್ ಹುಡುಕಿ ಫೋನ್ ಮಾಡಿದರು. "ಅಜಾಗರೂಕತೆ ಅಂತ ಬರ್ದಿದ್ದೀರಲ್ಲಣ್ಣ, ಆವತ್ತು ನೀವು ಅಲ್ಲಿದ್ರಾ? ಅವರೇನು ಬೇಕೂಂತ ಕೈ ಕೊಟ್ರಾ? ಆ ಪೇಪರ್ ಕಟಿಂಗ್ ಇಟ್ಕೊಂಡು ತಪ್ಪೆಲ್ಲ ನಿನ್ ಗಂಡಂದೇ ಅಂತವ್ರೆ, ಆಸ್ಪತ್ರೆ ಖರ್ಚೂ ಕೊಡ್ತಿಲ್ಲ" ಅಂದರು. ನಮ್ಮ ಹತ್ತಿರ ಉತ್ತರ ಇರಲಿಲ್ಲ. ಮಾರನೇ ದಿನ ಶೆಡ್ಡಿಗೆ ಹೋದೆವು. ಅಲ್ಲಿಂದಾಚೆಗೆ ಇಂಥ ಎಷ್ಟೋ ಶೆಡ್ಡುಗಳಲ್ಲಿ ನಿಂತು ನೋಡಿದ್ದೇವೆ. ಈ ಬರಹ ಆ ನಾಲ್ಕು ಸಾಲಿಗೆ ನಾವು ಹಾಕಿಕೊಳ್ಳುವ ತಿದ್ದುಪಡಿ.

ಕೆಲಸ ಏನು, ಅಪಾಯ ಎಲ್ಲಿ

ಮಂಚದ ಕಾಲು, ತೊಟ್ಟಿಲ ಕಂಬ, ಮೆಟ್ಟಿಲ ಕಟಕಟೆಯ ಕಂಬ ಎಲ್ಲ ಲೇತಿನ ಮೇಲೆ ತಿರುಗಿಸಿ ಮಾಡುವ ವಸ್ತುಗಳು. ಮೊದಲು ಒಂದೇ ದಪ್ಪ ಮರದಿಂದ ಕಡೆಯುತ್ತಿದ್ದರು. ಈಗ ಒಣಗಿದ ದಪ್ಪ ಮರ ಬಲು ದುಬಾರಿ. ಹಾಗಾಗಿ ಒಂದಿಂಚಿನ ಮೂರು ಹಲಗೆಗೆ ಫೆವಿಕಾಲ್ ಹಾಕಿ, ಕ್ಲಾಂಪಿನಲ್ಲಿ ಬಿಗಿದು, ಒಂದು ದಿನ ಬಿಟ್ಟು, ಮೂರಿಂಚು ಚೌಕದ ಕಂಬ ಮಾಡಿಕೊಳ್ಳುತ್ತಾರೆ. ಇದರಲ್ಲಿ ತಪ್ಪೇನೂ ಇಲ್ಲ. ಚೆನ್ನಾಗಿ ಅಂಟಿಸಿದ ಕಂಬ ಗಟ್ಟಿಯಾಗಿಯೇ ಇರುತ್ತದೆ.

ತೊಂದರೆ ಶುರುವಾಗುವುದು ಆಮೇಲೆ. ಚೌಕದ ಕಂಬವನ್ನು ನೇರ ಲೇತಿಗೆ ಏರಿಸಿದರೆ ನಾಲ್ಕು ಮೂಲೆಗಳೂ ಉಳಿಗೆ ಬಡಿಯುತ್ತವೆ, ಕಂಬ ಅದುರುತ್ತದೆ, ಅಂಟು ಸರಿಯಾಗಿ ಕೂರದ ಜಾಗ ಇದ್ದರೆ ಹಲಗೆ ಬಿಟ್ಟುಕೊಂಡು ಮುಖಕ್ಕೆ ಹಾರಲೂಬಹುದು. ಅದಕ್ಕೇ ಲೇತಿಗೆ ಹಾಕುವ ಮೊದಲು ಬ್ಯಾಂಡ್ ಸಾದಲ್ಲಿ ನಾಲ್ಕು ಮೂಲೆ ಕತ್ತರಿಸಿ ಎಂಟು ಮೂಲೆ ಮಾಡುತ್ತಾರೆ. ಈ ಹಂತ ಬೇಕೇ ಬೇಕು.

ಬ್ಯಾಂಡ್ ಸಾ ನೋಡಲು ಸಾಧು ಯಂತ್ರ. ಗುಂಡು ಗರಗಸದ ಹಾಗೆ ಮರವನ್ನು ಹಿಂದಕ್ಕೆ ಎಸೆಯುವುದಿಲ್ಲ. ಅದರ ಬ್ಲೇಡ್ ಮರವನ್ನು ಕೆಳಗೆ ಮೇಜಿಗೆ ಒತ್ತುತ್ತದೆ. ಮರದ ಅಡಿ ಸಪಾಟಾಗಿ ಮೇಜಿಗೆ ಕೂತಿದ್ದರೆ ಭಯವಿಲ್ಲ. ಆದರೆ ಮೂಲೆ ಕತ್ತರಿಸಬೇಕಾದರೆ ಕಂಬವನ್ನು ಒಂದು ಅಂಚಿನ ಮೇಲೆ ಓರೆಯಾಗಿ ನಿಲ್ಲಿಸಿ ಹಿಡಿಯಬೇಕು. ಜೊತೆಗೆ ಅಂಟಿಸುವಾಗ ಹಲಗೆಗಳು ಜಾರಿ ಅಂಚು ಹೆಚ್ಚುಕಡಿಮೆ ಆಗಿರುತ್ತವೆ, ಹೊರಗೆ ಬಂದ ಅಂಟು ಕಲ್ಲಿನ ಹಾಗೆ ಗಟ್ಟಿಯಾಗಿ ಕೂತಿರುತ್ತದೆ. ಅಂಥ ಕಂಬ ಮೇಜಿನ ಮೇಲೆ ಅಲ್ಲಾಡುತ್ತದೆ. ಬ್ಲೇಡ್ ಕೆಳಕ್ಕೆ ಎಳೆದ ತಕ್ಷಣ, ಕೆಳಗೆ ಆಧಾರ ಇಲ್ಲದ ಕಂಬ ಗಿರಕ್ಕನೆ ಉರುಳುತ್ತದೆ. ಅದನ್ನು ಹಿಡಿದ ಕೈಯೂ ಅದರ ಜೊತೆಗೇ ಹೋಗುತ್ತದೆ.

ಆವತ್ತು ಆ ಶೆಡ್ಡಿನಲ್ಲಿ ಆದದ್ದು ಇಷ್ಟೆ. ಹನ್ನೆರಡು ವರ್ಷ ಅದೇ ಕೆಲಸ ಮಾಡಿದ ಮನುಷ್ಯ. ಕುಡಿದಿರಲಿಲ್ಲ, ಮೊಬೈಲ್ ನೋಡುತ್ತಿರಲಿಲ್ಲ. ಕಂಬ ಉರುಳಿತು.

"ಕೈ ಪಳಗಿದ್ರೆ ಏನೂ ಆಗಲ್ಲ ಬಿಡಿ ಸಾರ್"

ನಾವು ಹೋದ ಶೆಡ್ಡುಗಳಲ್ಲೆಲ್ಲ ಕೇಳಿದ ಮಾತು ಇದು. ಹೇಳಿದವರಲ್ಲಿ ಕೆಲವರಿಗೆ ಬೆರಳಿನ ತುದಿ ಇರಲಿಲ್ಲ.

ಕೈಚಳಕಕ್ಕೆ ನಾವು ತಲೆಬಾಗುತ್ತೇವೆ. ಆದರೆ ಲೆಕ್ಕ ನೋಡಿ. ಮರ ಕೊಯ್ಯುವ ಸಾಮಾನ್ಯ ಬ್ಯಾಂಡ್ ಸಾದ ಬ್ಲೇಡ್ ಸೆಕೆಂಡಿಗೆ ಸುಮಾರು 15 ಮೀಟರ್ ಓಡುತ್ತದೆ. ಏನೋ ತಪ್ಪಾಯಿತು ಅಂತ ಕಣ್ಣಿಗೆ ಕಂಡು ಕೈ ಹಿಂದಕ್ಕೆ ಬರಲು ಎಷ್ಟೇ ಚುರುಕಿನವನಿಗೂ ಕಾಲು ಸೆಕೆಂಡಾದರೂ ಬೇಕು. ಅಷ್ಟರಲ್ಲಿ ಮೂರೂವರೆ ಮೀಟರಿಗಿಂತ ಹೆಚ್ಚು ಉದ್ದದ ಹಲ್ಲು ಆ ಜಾಗದಲ್ಲಿ ಹಾದುಹೋಗಿರುತ್ತದೆ. ಹನ್ನೆರಡು ವರ್ಷದ ಅನುಭವ ಗೆರೆ ನೇರ ಹೋಗುವಂತೆ ಮಾಡಬಹುದು. ಕಾಲು ಸೆಕೆಂಡನ್ನು ಚಿಕ್ಕದು ಮಾಡಲು ಅದರ ಕೈಲಾಗುವುದಿಲ್ಲ.

ಇನ್ನೂ ಒಂದು ಮಾತು. ಪಳಗಿದ ಕೈಯೇ ಹೆಚ್ಚು ಹೊತ್ತು ಯಂತ್ರದ ಮುಂದೆ ಇರುತ್ತದೆ. ಹೊಸ ಹುಡುಗ ದಿನಕ್ಕೆ ಹತ್ತು ಕಂಬ ಕೊಯ್ದರೆ ಮೇಸ್ತ್ರಿ ನೂರು ಕೊಯ್ಯುತ್ತಾನೆ. ನೂರು ಕಂಬಕ್ಕೆ ನಾನೂರು ಮೂಲೆ. ನಾನೂರು ಸಲವೂ ಕೈ ತಪ್ಪಬಾರದು ಅಂತ ಯಾವ ಮನುಷ್ಯನಿಂದ ನಿರೀಕ್ಷಿಸುತ್ತೀರಿ? ಸಂಜೆ ಆರು ಗಂಟೆಗೆ, ಬೆಳಕು ಕಡಿಮೆಯಾದಾಗ, ಕರೆಂಟು ಹೋಗುವ ಮೊದಲು ಆರ್ಡರ್ ಮುಗಿಸಬೇಕು ಅನ್ನುವಾಗ?

ಕೆಲವರು ಗ್ಲೌಸ್ ಹಾಕಿಸಿದ್ದೇವೆ ಅನ್ನುತ್ತಾರೆ. ಇದು ಉಪಾಯವಲ್ಲ, ಅಪಾಯ. ಓಡುವ ಬ್ಲೇಡಿಗೋ ತಿರುಗುವ ಲೇತಿಗೋ ಗ್ಲೌಸಿನ ನೂಲು ಸಿಕ್ಕರೆ ಕೈಯನ್ನೇ ಎಳೆದುಕೊಳ್ಳುತ್ತದೆ.

ಜಿಗ್ ಅಂದರೆ ದೊಡ್ಡ ವಿದ್ಯೆಯಲ್ಲ

ಕೈ ಮಾಡುವ ಹಿಡಿಯುವ ಕೆಲಸವನ್ನು ಒಂದು ಮರದ ಚೌಕಟ್ಟಿಗೆ ವಹಿಸುವುದೇ ಜಿಗ್. ರೊಟ್ಟಿಯನ್ನು ಬೆರಳಿನಲ್ಲಿ ತಿರುವದೆ ಸೌಟು ಹಿಡಿಯುತ್ತೇವಲ್ಲ, ಹಾಗೆ. ನಮ್ಮ ತಾಲೂಕಿನ ಒಬ್ಬ ಹಿರಿಯ ಬಡಗಿ ನಮ್ಮ ಮುಂದೆಯೇ ಅರ್ಧ ದಿನದಲ್ಲಿ ಒಂದನ್ನು ಮಾಡಿದರು. ಮೂರಿಂಚಿನ ಕಂಬದ ಮೂಲೆ ಕತ್ತರಿಸಲು ಅವರು ಮಾಡಿದ್ದು ಹೀಗೆ. ಓದುವವರಲ್ಲಿ ಬಡಗಿಗಳಿದ್ದರೆ ನೋಡಿಕೊಳ್ಳಿ, ಇಲ್ಲದಿದ್ದರೆ ನಿಮಗೆ ಗೊತ್ತಿರುವ ಬಡಗಿಗೆ ಕಳಿಸಿ.

1. ತಳಕ್ಕೆ 12 ಮಿಲಿಮೀಟರ್ ಪ್ಲೈವುಡ್. ಕಂಬಕ್ಕಿಂತ ಅರ್ಧ ಅಡಿ ಉದ್ದ ಇರಲಿ. ಅಂಗಡಿಯಲ್ಲಿ ಉಳಿದ ತುಂಡೇ ಸಾಕು.

2. ಬ್ಯಾಂಡ್ ಸಾದ ಮೇಜಿನಲ್ಲಿ ಉದ್ದಕ್ಕೆ ಕಾಲುವೆಯಂಥ ತಗ್ಗು ಇರುತ್ತದೆ. ಅದರಲ್ಲಿ ಅಲ್ಲಾಡದೆ ಜಾರುವಂಥ ಗಟ್ಟಿ ಮರದ ಪಟ್ಟಿಯನ್ನು ಪ್ಲೈವುಡ್ಡಿನ ಅಡಿಗೆ ಕೂರಿಸಿ. ತಗ್ಗು ಇಲ್ಲದ ಮೇಜಾದರೆ ಒಂದು ನೇರ ರೀಪರನ್ನು ಮೇಜಿಗೆ ಕ್ಲಾಂಪಿನಿಂದ ಬಿಗಿದು, ಜಿಗ್ಗಿನ ಅಂಚು ಅದಕ್ಕೆ ಒತ್ತಿಕೊಂಡು ಜಾರುವಂತೆ ಮಾಡಿ.

3. ಒಂದೂವರೆ ಇಂಚು ದಪ್ಪದ ಎರಡು ರೀಪರಿನ ತಲಾ ಒಂದು ಅಂಚನ್ನು ಕೀಸುಳಿಯಿಂದ 45 ಡಿಗ್ರಿಗೆ ಕೀಸಿ. ಎರಡನ್ನೂ ಎದುರುಬದುರಾಗಿ ಪ್ಲೈವುಡ್ಡಿನ ಮೇಲೆ ಕೂರಿಸಿದರೆ ಇಂಗ್ಲಿಷಿನ "ವಿ" ಅಕ್ಷರದ ಹಾಗೆ ಗಾಡಿ ಆಗುತ್ತದೆ. ಕಂಬ ಇದರಲ್ಲಿ ಮೂಲೆ ಕೆಳಗಾಗಿ, ಮಗು ತೊಟ್ಟಿಲಲ್ಲಿ ಮಲಗಿದ ಹಾಗೆ ಕೂರುತ್ತದೆ.

4. ಲೆಕ್ಕ ಒಂದೇ. "ವಿ"ಯ ತಳದಿಂದ ಬ್ಲೇಡಿನವರೆಗಿನ ಅಡ್ಡ ದೂರ, ಕಂಬದ ಅಗಲದ ಅರ್ಧ. ಮೂರಿಂಚಿನ ಕಂಬಕ್ಕೆ ಒಂದೂವರೆ ಇಂಚು. ಒಂದೆರಡು ಮಿಲಿಮೀಟರ್ ಹೆಚ್ಚೇ ಇಟ್ಟುಕೊಳ್ಳಿ, ಉಳಿದದ್ದನ್ನು ಲೇತು ತೆಗೆಯುತ್ತದೆ. ಬ್ಲೇಡಿನ ಕಡೆಯ ರೀಪರನ್ನೂ ಪ್ಲೈವುಡ್ಡನ್ನೂ ಮೊದಲು ಸ್ವಲ್ಪ ಅಗಲವಾಗಿಯೇ ಬಿಟ್ಟು, ಕಂಬ ಇಡದೆ ಒಂದು ಸಲ ಓಡಿಸಿ. ಬ್ಲೇಡ್ ಜಿಗ್ಗಿನ ಅಂಚನ್ನು ತಾನೇ ಕತ್ತರಿಸಿಕೊಳ್ಳುತ್ತದೆ. ಇನ್ನು ಮುಂದೆ ಬ್ಲೇಡ್ ಎಲ್ಲಿ ಹೋಗುತ್ತದೆ ಅನ್ನುವುದಕ್ಕೆ ಆ ಅಂಚೇ ಗುರುತು. ಆ ಜಾಗದಲ್ಲಿ ಸ್ಕ್ರೂ, ಮೊಳೆ ಇರಕೂಡದು.

5. ಹಿಂದುಗಡೆ ಅಡ್ಡ ಕಟ್ಟಿಗೆಯ ತಡೆ. "ವಿ"ಯ ನಡುಗೆರೆಯಲ್ಲಿ ಎರಡು ಸ್ಕ್ರೂಗಳ ಚೂಪು ತುದಿ ಸ್ವಲ್ಪ ಇಣುಕಿದರೆ ಕಂಬದ ಕೊನೆಯನ್ನು ಕಚ್ಚಿ ಹಿಡಿಯುತ್ತವೆ. ತಡೆಯ ಹಿಂದೆ ದೂಡಲು ಒಂದು ಹಿಡಿ. ಬ್ಲೇಡಿನ ಆಚೆ ಬದಿಯಿಂದ ಕಂಬವನ್ನು ಒತ್ತಿಹಿಡಿಯುವ ಟಾಗಲ್ ಕ್ಲಾಂಪ್ ಒಂದಿರಲಿ. ಇಡೀ ಜಿಗ್ಗಿನಲ್ಲಿ ದುಡ್ಡು ಕೊಟ್ಟು ತರಬೇಕಾದದ್ದು ಮುಖ್ಯವಾಗಿ ಇದನ್ನೇ.

ಹೊರಬಂದ ಅಂಟನ್ನು ಉಳಿಯಿಂದ ಕೆರೆದು, ಏರುಪೇರಾದ ಅಂಚನ್ನು ಕೀಸುಳಿಯಿಂದ ಸಮ ಮಾಡಿ ಕಂಬವನ್ನು ಕೂರಿಸಬೇಕು. ಯಂತ್ರದ ಮೇಲಿನ ಗೈಡನ್ನು ಕಂಬಕ್ಕೆ ತಾಗದ ಹಾಗೆ ಎಷ್ಟು ಸಾಧ್ಯವೋ ಅಷ್ಟು ಕೆಳಗೆ ಇಳಿಸಬೇಕು. ಒಂದು ಮೂಲೆ ಕತ್ತರಿಸಿದ ಮೇಲೆ ಜಿಗ್ಗನ್ನು ಹಿಂದಕ್ಕೆ ತಂದು, ಕಂಬ ತಿರುಗಿಸಿ ಮುಂದಿನ ಮೂಲೆ. ಮೂಲೆ ಹೋದರೂ ಕಂಬ ಅದೇ ಗಾಡಿಯಲ್ಲಿ ಅಲ್ಲಾಡದೆ ಕೂರುತ್ತದೆ. ಕೆಳಗೆ ಬಿದ್ದ ತುಂಡನ್ನು ಬ್ಲೇಡ್ ಓಡುವಾಗ ಬೆರಳಲ್ಲಿ ತೆಗೆಯಕೂಡದು, ಕಡ್ಡಿಯಿಂದ ತಳ್ಳಬೇಕು. ಸ್ವಿಚ್ ಆರಿಸಿದ ಮೇಲೂ ಬ್ಲೇಡ್ ಸ್ವಲ್ಪ ಹೊತ್ತು ಓಡುತ್ತಲೇ ಇರುತ್ತದೆ ಅನ್ನುವುದು ನೆನಪಿರಲಿ.

ಎರಡು ಕೈಯೂ ಹಿಂದಿನ ಹಿಡಿಯ ಮೇಲೆ. ಕಂಬ ಉರುಳುವ ಮಾತೇ ಇಲ್ಲ. ಬೆರಳು ಬ್ಲೇಡಿನ ಹತ್ತಿರ ಹೋಗುವ ಕಾರಣವೇ ಇಲ್ಲ.

"ಅದೆಲ್ಲ ಮಾಡ್ತಾ ಕೂತ್ರೆ ಕೆಲಸ ಸಾಗಲ್ಲ"

ಇದು ಮಾಲೀಕರ ಮಾತು. ಕೆಲವು ಕಾರ್ಮಿಕರೂ ಹೇಳುತ್ತಾರೆ, ಯಾಕೆಂದರೆ ಪೀಸ್ ಕಡಿಮೆಯಾದರೆ ಹೊಟ್ಟೆಗೆ ಕಡಿಮೆ. ಆ ಭಯ ನಿಜವಾದದ್ದು, ತಳ್ಳಿಹಾಕುವುದಿಲ್ಲ.

ಆದರೆ ನಾವು ನಿಂತು ನೋಡಿದೆವು. ಮೊದಲ ಹತ್ತು ಕಂಬ ನಿಧಾನ. ಆಮೇಲೆ ಹಾಗಲ್ಲ. ಕೈಯಲ್ಲಿ ಹಿಡಿದು ಕೊಯ್ಯುವಾಗ ಪ್ರತಿ ಕಂಬಕ್ಕೂ ಮೂಲೆಮಟ್ಟ ಇಟ್ಟು ಗೆರೆ ಎಳೆಯಬೇಕು. ಮೂರಿಂಚಿನ ಚೌಕವಾದರೆ ಪ್ರತಿ ಮೂಲೆಯಿಂದ ಎರಡೂ ಕಡೆಗೆ ಸುಮಾರು 22 ಮಿಲಿಮೀಟರ್ ಅಳೆದು ಗುರುತು ಹಾಕಬೇಕು. ಜಿಗ್ ಇದ್ದರೆ ಗೆರೆಯೇ ಬೇಡ, ಅಳತೆ ಜಿಗ್ಗಿನಲ್ಲೇ ಇದೆ. ಎಲ್ಲ ಕಂಬವೂ ಒಂದೇ ಸಮ ಬರುವುದರಿಂದ ಲೇತಿನವನಿಗೂ ಕೆಲಸ ಹಗುರ. ಸೊಟ್ಟ ಕೊಯ್ದು ಹಾಳಾಗುವ ಕಂಬ ಕಡಿಮೆ. ಹಾಳಾದ ಕಂಬದ ದುಡ್ಡು ಕೂಲಿಯಲ್ಲಿ ಮುರಿಯುವ ಶೆಡ್ಡುಗಳಿವೆಯಲ್ಲ, ಅಲ್ಲಿ ಇದು ಕಾರ್ಮಿಕನಿಗೇ ಉಳಿತಾಯ.

ಬೇರೆ ಅಳತೆಯ ಕಂಬಕ್ಕೆ ಬೇರೆ ಜಿಗ್ ಬೇಕು, ನಿಜ. ಮೂರು ಅಳತೆ ಇದ್ದರೆ ಮೂರು ಜಿಗ್ ಗೋಡೆಗೆ ನೇತುಹಾಕಿ. ಬ್ಲೇಡು ಮೊಂಡಾದರೆ ಬದಲಾಯಿಸಲು ಪೇಟೆಗೆ ಹೋಗಿ ಬರುವವರಿಗೆ ಅರ್ಧ ದಿನದ ಈ ಕೆಲಸ ಮಾತ್ರ ಯಾಕೆ ಭಾರ? ಬ್ಲೇಡ್ ಮೊಂಡಾದರೆ ಮಾಲೀಕರಿಗೆ ನಷ್ಟ, ಬೆರಳು ಹೋದರೆ ಕೂಲಿಯವನಿಗೆ ನಷ್ಟ. ವ್ಯತ್ಯಾಸ ಇಷ್ಟೆ. ಕಹಿಯಾದರೂ ಹೇಳಲೇಬೇಕು.

ಕಾನೂನು ಬೆರಳಿಗೆ ಹಾಕಿದ ಲೆಕ್ಕ

ಬೆರಳಿಗೆ ಸರ್ಕಾರದ ಪಟ್ಟಿಯೊಂದಿದೆ ಅಂತ ಎಷ್ಟು ಜನರಿಗೆ ಗೊತ್ತು? 1923ರ ಕಾರ್ಮಿಕ ಪರಿಹಾರ ಕಾಯ್ದೆಯ ಅನುಸೂಚಿಯಲ್ಲಿ ಯಾವ ಅಂಗ ಹೋದರೆ ದುಡಿಯುವ ಶಕ್ತಿ ಎಷ್ಟು ಹೋಯಿತು ಅಂತ ಬರೆದಿತ್ತು. ಹೆಬ್ಬೆರಳು ಹೋದರೆ ನೂರಕ್ಕೆ 30. ಇಡೀ ತೋರುಬೆರಳು 14, ಅದರ ಎರಡು ಗೆಣ್ಣು 11, ಒಂದು ಗೆಣ್ಣು 9. ಇಡೀ ನಡುಬೆರಳು 12. ಪರಿಹಾರದ ಮೊತ್ತ ಈ ಲೆಕ್ಕದ ಮೇಲೆ, ಸಂಬಳ ಮತ್ತು ವಯಸ್ಸನ್ನು ನೋಡಿ ನಿರ್ಧಾರವಾಗುತ್ತದೆ.

ಇನ್ನೂ ಮುಖ್ಯವಾದದ್ದು ಇದೆ. "ಅವನೇ ಅಜಾಗರೂಕತೆ ಮಾಡಿದ" ಅನ್ನುವುದು ಆ ಕಾಯ್ದೆಯಡಿ ಪರಿಹಾರ ತಪ್ಪಿಸಿಕೊಳ್ಳಲು ಕಾರಣವೇ ಆಗಿರಲಿಲ್ಲ. ಕುಡಿದೋ ಮಾದಕ ವಸ್ತು ತೆಗೆದುಕೊಂಡೋ ಕೆಲಸ ಮಾಡಿದ್ದರೆ, ಸುರಕ್ಷತೆಗಾಗಿ ಸ್ಪಷ್ಟವಾಗಿ ಕೊಟ್ಟ ಆದೇಶವನ್ನು ಬೇಕೆಂದೇ ಮೀರಿದ್ದರೆ, ಸುರಕ್ಷತೆಯ ಸಾಧನ ಅಂತ ಗೊತ್ತಿದ್ದೂ ಬೇಕೆಂದೇ ತೆಗೆದುಹಾಕಿದ್ದರೆ ಅಥವಾ ಕಡೆಗಣಿಸಿದ್ದರೆ ಮಾತ್ರ ಮಾಲೀಕರಿಗೆ ಆ ವಾದ ಇತ್ತು. ಸಾವಾಗಿದ್ದರೆ, ದುಡಿಮೆ ಪೂರ್ತಿ ನಿಂತುಹೋಗಿದ್ದರೆ ಅದೂ ಇರಲಿಲ್ಲ. ಸಾಧನವನ್ನೇ ಕೊಡದ ಶೆಡ್ಡಿನಲ್ಲಿ ಅದನ್ನು ತೆಗೆದುಹಾಕಿದ ಅಂತ ಯಾರ ಮೇಲೆ ಹೇಳುತ್ತೀರಿ?

ಹೀಗಿರುವಾಗ ನಾವು ನಾಲ್ಕು ಸಾಲಿನಲ್ಲಿ ಬರೆದ "ಅಜಾಗರೂಕತೆ" ಏನು ಮಾಡಿತು? ಕಾನೂನಿನಲ್ಲಿ ಬೆಲೆಯಿಲ್ಲದ ಒಂದು ನೆಪಕ್ಕೆ ಊರಿನಲ್ಲಿ ಬೆಲೆ ತಂದುಕೊಟ್ಟಿತು. ಪರಿಹಾರ ಕೇಳಬಹುದು ಅಂತ ಗೊತ್ತಿಲ್ಲದ ಕುಟುಂಬ, ಪೇಪರಿನಲ್ಲೇ ಬಂದುಬಿಟ್ಟಿದೆ ಅಂತ ಸುಮ್ಮನಾಯಿತು.

1948ರ ಕಾರ್ಖಾನೆ ಕಾಯ್ದೆಯ 21ನೇ ಕಲಂ ಯಂತ್ರದ ಅಪಾಯದ ಭಾಗಕ್ಕೆ ಭದ್ರವಾದ ತಡೆ ಇರಬೇಕು ಅನ್ನುತ್ತಿತ್ತು. ಆದರೆ ಕರೆಂಟಿನ ಯಂತ್ರ ಇರುವ ಕಡೆ ಹತ್ತು ಜನ ದುಡಿಯುತ್ತಿದ್ದರೆ ಮಾತ್ರ ಅದು ಕಾರ್ಖಾನೆ ಆಗಿತ್ತು. 2020ರ ಹೊಸ ಸಂಹಿತೆ ಆ ಹತ್ತನ್ನು ಇಪ್ಪತ್ತು ಮಾಡಿತು. ನಮ್ಮೂರಿನ ಶೆಡ್ಡಿನಲ್ಲಿ ದುಡಿಯುವವರು ಮೂರೋ ನಾಲ್ಕೋ ಜನ. ಬ್ಲೇಡಿಗೆ ಶೆಡ್ಡಿನಲ್ಲಿ ಎಷ್ಟು ಜನ ಇದ್ದಾರೆ ಅಂತ ಎಣಿಸಲು ಬರುವುದಿಲ್ಲ. ಇನ್‌ಸ್ಪೆಕ್ಟರ್ ಬರುತ್ತಾರೆ ಅಂತ ಕಾಯುತ್ತಾ ಕೂರುವ ಹಾಗಿಲ್ಲ. ಅದಕ್ಕೇ ಊರೇ ಕೇಳಬೇಕು.

ಯಂತ್ರ ಕೊಡುವವರಿಗೆ ಒಂದು ಮಾತು

ಕಸುಬುದಾರರಿಗೆ ಸವಲತ್ತು ಕೊಡುವ ಕಾರ್ಯಕ್ರಮಗಳಿಗೆ ನಾವು ಎಷ್ಟೋ ಸಲ ಹೋಗಿದ್ದೇವೆ. ಫೋಟೋ ತೆಗೆದಿದ್ದೇವೆ, ಸುದ್ದಿ ಮಾಡಿದ್ದೇವೆ. 2023ರ ಸೆಪ್ಟೆಂಬರ್ 17ರಂದು ಶುರುವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಬಡಗಿಗಳೂ ಇದ್ದಾರೆ, ಗೊಂಬೆ ಆಟಿಕೆ ಮಾಡುವವರೂ ಇದ್ದಾರೆ. ಉಪಕರಣಕ್ಕೆ 15,000 ರೂಪಾಯಿ, ಐದರಿಂದ ಏಳು ದಿನದ ಮೊದಲ ತರಬೇತಿ, ದಿನಕ್ಕೆ 500 ರೂಪಾಯಿ ಭತ್ಯೆ. ಬೇಡ ಅನ್ನುವುದಿಲ್ಲ. ಕೇಳುವುದು ಒಂದೇ. ಆ ಐದು ದಿನದಲ್ಲಿ ಒಂದು ದಿನ, ಯಂತ್ರದ ಮುಂದೆ ದುಡಿಯುವ ಪ್ರತಿ ಬಡಗಿಯೂ ತನ್ನ ಕೈಯಾರೆ ಒಂದು ಜಿಗ್ ಮಾಡಿ ಮನೆಗೆ ಒಯ್ಯಲಿ. ಸರ್ಟಿಫಿಕೇಟಿಗಿಂತ ಅದು ಹೆಚ್ಚು ಕಾಲ ಬಾಳುತ್ತದೆ.

ಲೇತಿನ ಕೆಲಸ ಅಂದರೆ ನಮ್ಮ ನಾಡಿನಲ್ಲಿ ಎಲ್ಲರೂ ಚನ್ನಪಟ್ಟಣದ ಹೆಸರು ಹೇಳುತ್ತಾರೆ. ಅಲ್ಲಿಯ ಅರಗಿನ ಬಣ್ಣದ ಗೊಂಬೆಗಳಿಗೆ ಭೌಗೋಳಿಕ ಸೂಚಕದ ಮಾನ್ಯತೆ ಇದೆ, ನಮಗೆ ಹೆಮ್ಮೆ. ಆ ಮಾನ್ಯತೆ ಇರುವುದು ಹೆಸರನ್ನು ಬೇರೆಯವರು ಕದಿಯದಿರಲಿ ಅಂತ. ಲೇತಿನ ಕಸುಬು ಎಲ್ಲೇ ಇರಲಿ, ಅದನ್ನು ಮಾಡುವ ಕೈಯನ್ನು ಕಾಯಲೂ ಏನಾದರೂ ಇರಬೇಡವೇ?

ನಾವು ಏನು ಮಾಡುತ್ತೇವೆ, ನೀವು ಏನು ಮಾಡಬಹುದು

ಇನ್ನು ಮುಂದೆ ಯಂತ್ರಕ್ಕೆ ಕೈ ಸಿಕ್ಕ ಸುದ್ದಿ ಬರೆಯುವಾಗ "ಅಜಾಗರೂಕತೆ" ಅನ್ನುವ ಪದವನ್ನು ಫೋನಿನಲ್ಲಿ ಕೇಳಿ ಬರೆಯುವುದಿಲ್ಲ. ಶೆಡ್ಡಿಗೆ ಹೋಗುತ್ತೇವೆ. ಜಿಗ್ ಇತ್ತೇ, ಗೈಡ್ ಇಳಿಸಿತ್ತೇ, ಬೆಳಕು ಇತ್ತೇ, ಎಷ್ಟು ಗಂಟೆಯಿಂದ ದುಡಿಯುತ್ತಿದ್ದರು ಅಂತ ಕೇಳಿ ಬರೆಯುತ್ತೇವೆ. ನಮ್ಮ ಜೊತೆ ಬರೆಯುವ ಗೆಳೆಯರೂ ಹಾಗೇ ಮಾಡಲಿ ಅಂತ ಕೇಳಿಕೊಳ್ಳುತ್ತೇವೆ.

ನಿಮ್ಮ ಮನೆಗೆ ಮಂಚವೋ ತೊಟ್ಟಿಲೋ ಮಾಡಿಸಲು ಶೆಡ್ಡಿಗೆ ಹೋದಾಗ ಮರ ಯಾವುದು, ರೇಟ್ ಎಷ್ಟು ಅಂತ ಕೇಳುತ್ತೀರಿ. ಜೊತೆಗೆ "ಅಣ್ಣ, ಮೂಲೆ ಕೊಯ್ಯೋಕೆ ಜಿಗ್ ಇಟ್ಕೊಂಡಿದ್ದೀರಾ?" ಅಂತ ಒಂದು ಮಾತು ಕೇಳಿ. ಗಿರಾಕಿ ಕೇಳಿದರೆ ಮಾಲೀಕರು ಮಾಡುತ್ತಾರೆ. ನಿಮ್ಮ ಮಗನೋ ತಮ್ಮನೋ ಅಲ್ಲಿ ಕೆಲಸಕ್ಕೆ ಹೋಗುತ್ತಿದ್ದರೆ ಕೇಳಲೇಬೇಕು. ದುಡಿಯುವವರಿಗೆ ಇನ್ನೊಂದು ಮಾತು. ಕೂಲಿಯ ಲೆಕ್ಕವನ್ನು ಒಂದು ಪುಸ್ತಕದಲ್ಲಿ ತಾರೀಖು ಹಾಕಿ ಬರೆದಿಡಿ, ದುಡ್ಡು ಫೋನಿಗೆ ಬಂದರೆ ಆ ಮೆಸೇಜ್ ಅಳಿಸಬೇಡಿ. ನಾನು ಇಲ್ಲೇ ದುಡಿಯುತ್ತಿದ್ದೆ ಅಂತ ತೋರಿಸಲು ನಾಳೆ ಅದೇ ಬೇಕಾಗುತ್ತದೆ.

ಮೊನ್ನೆ ಆ ಅಕ್ಕನಿಗೆ ಫೋನ್ ಮಾಡಿ ಹೀಗೊಂದು ಬರೆಯುತ್ತಿದ್ದೇವೆ ಅಂದೆವು. "ಬರೀರಣ್ಣ. ಅವರ ಜಾಗಕ್ಕೆ ಈಗ ಇನ್ನೊಂದು ಹುಡುಗ ಬಂದವ್ನೆ. ಅವನಿಗೂ ಕೈಯಲ್ಲೇ ಹಿಡ್ಕೊಂಡು ಕೊಯ್ಯೋಕೆ ಹೇಳವ್ರಂತೆ" ಅಂದರು.

ಆ ಹುಡುಗನಿಗೆ ಹತ್ತೊಂಬತ್ತು ವರ್ಷ. ಆ ಹಿರಿಯ ಬಡಗಿ ಮಾಡಿದ ಜಿಗ್ಗನ್ನು ಕೇಳಿ ಇಸಕೊಂಡಿದ್ದೇವೆ. ಬರುವ ಸೋಮವಾರ ಅದನ್ನು ಬೈಕಿಗೆ ಕಟ್ಟಿಕೊಂಡು ಆ ಶೆಡ್ಡಿಗೆ ಹೋಗುತ್ತೇವೆ. ಮಾಲೀಕರು ಏನಂದರು ಅನ್ನುವುದನ್ನು ಇಲ್ಲೇ ಬರೆಯುತ್ತೇವೆ.